ಕೊಡಚಾದ್ರಿ ಜೀಪು ನೋಡಿ ನಾವು ಮಾಡಿದ ತಪ್ಪು

ಹೊಸನಗರ ತಾಲೂಕಿನ ಕೊಡಚಾದ್ರಿಗೆ ಜೀಪಲ್ಲಿ ಹೋದವರಿಗೆ ಸೊಂಟನೋವು ಗೊತ್ತಿರುತ್ತೆ. ಬೆಟ್ಟದ ಎತ್ತರ 1,343 ಮೀಟರ್, ದಾರಿ ತುಂಬ ಕಲ್ಲು, ಕೊರಕಲು. ಅಲ್ಲಿನ ಹಳೇ ಜೀಪುಗಳಲ್ಲಿ ಇರೋದು ಗಟ್ಟಿ ಲೀಫ್ ಸ್ಪ್ರಿಂಗ್. ಹಾಗಾದ್ರೆ ನಮ್ಮ ಬಾಹಾ ಗಾಡಿಗೂ ಗಟ್ಟಿ ಸ್ಪ್ರಿಂಗೇ ಸರಿ ಅಂದುಕೊಂಡ್ವಿ. ಟೆಸ್ಟ್ ದಿನ ಕೊರಕಲು ಸಿಕ್ಕಿದಲ್ಲೆಲ್ಲ ಒಂದು ಚಕ್ರ ಗಾಳೀಲಿ!

ಜೀಪಿನ ಪ್ಲೇಟುಗಳು ಎಂಟು ಜನರ ಭಾರಕ್ಕೆ, ಇಲ್ಲಾ ಸಾಗರ, ತೀರ್ಥಹಳ್ಳಿ ಕಡೆಯ ಅಡಿಕೆ ಮೂಟೆಗಳಿಗೆ ಲೆಕ್ಕ ಹಾಕಿದ್ದು. ಖಾಲಿ ಜೀಪೂ ಕುಪ್ಪಳಿಸುತ್ತೆ. ನಮ್ಮದರಲ್ಲಿ ಕೂರೋದು ಒಬ್ಬನೇ.

ನೀವೂ ಅಳೆದು ನೋಡಿ. ಪ್ರೀಲೋಡ್ ಇಲ್ಲದ ಸ್ಪ್ರಿಂಗ್ ಆದ್ರೆ, ಜಾಕ್ ಮೇಲೆ ಚಕ್ರ ನೇತಾಡುವಾಗ ಬಾಡಿಗೂ ಚಕ್ರಕ್ಕೂ ಇರೋ ಅಂತರ ತಗೊಳ್ಳಿ. ನೆಲಕ್ಕಿಳಿಸಿ ಡ್ರೈವರ್ ಕೂತ ಮೇಲೆ ಮತ್ತೆ ತಗೊಳ್ಳಿ. ವ್ಯತ್ಯಾಸ ಸೆಂಟಿಮೀಟರಲ್ಲಿರಲಿ. 5ನ್ನು ಅದರ ವರ್ಗಮೂಲದಿಂದ ಭಾಗಿಸಿದ್ರೆ ಗಾಡಿಯ ಸ್ವಾಭಾವಿಕ ಕಂಪನ, ಹರ್ಟ್ಸ್‌ನಲ್ಲಿ ಬರುತ್ತೆ. ನಮ್ಮದು 4 ಸೆಂ.ಮೀ., ಅಂದ್ರೆ 2.5 ಹರ್ಟ್ಸ್. ಅದಕ್ಕಿಂತ ಮುಖ್ಯ, ಚಕ್ರ ಕೆಳಗೆ ಇಳಿಯೋಕೆ ಇರೋ ಜಾಗವೂ ಅದೇ 4 ಸೆಂ.ಮೀ. ಕೊರಕಲು ಅದಕ್ಕಿಂತ ಆಳ ಇದ್ರೆ ಚಕ್ರಕ್ಕೆ ನೆಲವೇ ಸಿಗಲ್ಲ. ಮಳೆಗಾಲದ ಕೆಸರಲ್ಲಿ ಕಥೆ ಮುಗೀತು.

ಮೆತ್ತಗಿನ ಕಾಯಿಲ್ ಹಾಕಿ 10 ಸೆಂ.ಮೀ.ಗೆ ತಂದ್ವಿ, ಸುಮಾರು 1.6 ಹರ್ಟ್ಸ್. ಚಕ್ರ ನೆಲ ಬಿಡೋದು ಕಡಿಮೆಯಾಯ್ತು, ಆದ್ರೆ ಗಾಡಿ ತೂಗಾಡೋಕೆ ಶುರುವಾಯ್ತು. ಲೀಫಲ್ಲಿ ಪ್ಲೇಟಿಗೆ ಪ್ಲೇಟು ಉಜ್ಜಿಯೇ ಸ್ವಲ್ಪ ಕಂಪನ ಇಳಿಯುತ್ತೆ. ಕಾಯಿಲಲ್ಲಿ ಆ ಉಜ್ಜಾಟ ಇಲ್ಲ, ಪೂರ್ತಿ ಕೆಲಸ ಡ್ಯಾಂಪರ್‌ದೇ. ಅದರ ಸೆಟ್ಟಿಂಗ್ ಈ ಶನಿವಾರ. ಸ್ಪ್ಯಾನರ್ ಹಿಡಿಯೋಕೆ ಇಬ್ಬರು ಬೇಕು, ಬನ್ನಿ.