ಪತ್ರಿಕೆಯ ಮಾತೂ ವಾಚಕರ ವಿವೇಕವೂ

ಪರರ ಮನಸ್ಸನ್ನು ಮಾತಿನಿಂದ ಒಲಿಸಿಕೊಳ್ಳುವುದು ತಾನಾಗಿ ದೋಷವಲ್ಲ. ತಾಯಿಯು ಮಗುವಿಗೆ ಕಹಿಮದ್ದನ್ನು ಕುಡಿಸುವುದೂ, ವಕೀಲನು ನ್ಯಾಯಸ್ಥಾನದಲ್ಲಿ ವಾದಿಸುವುದೂ ಈ ಶಕ್ತಿಯಿಂದಲೇ. ಇವರು ನಮ್ಮ ಎದುರಿಗೆ ನಿಂತು ಮಾತಾಡುತ್ತಾರೆ. ಇವರ ಉದ್ದೇಶವನ್ನು ನಾವು ಬಲ್ಲೆವಾದುದರಿಂದ ಇವರ ಮಾತನ್ನು ತೂಗಿ ನೋಡಬಲ್ಲೆವು. 1843ರಲ್ಲಿ ಹೆರ್ಮನ್ ಮೋಗ್ಲಿಂಗ್ ಪಂಡಿತರು ಹೊರಡಿಸಿದ ‘ಮಂಗಳೂರ ಸಮಾಚಾರ’ವು ಕನ್ನಡದ ಮೊದಲ ವೃತ್ತಪತ್ರಿಕೆಯು. ಅದು ಬಾಸೆಲ್ ಮಿಶನಿನವರದೆಂದು ತಿಳಿದ ವಾಚಕನು ಅದರ ಅಭಿಪ್ರಾಯಗಳನ್ನು ಆ ತಿಳುವಳಿಕೆಯೊಡನೆಯೇ ಓದಬಹುದಾಗಿತ್ತು. ಮಾತಾಡುವವನು ಮರೆಯಲ್ಲಿ ಅಡಗಿರುವಾಗಲೇ ಅಪಾಯವು ಹೆಚ್ಚು.

ಇದಕ್ಕೆ ಅಮೇರಿಕ ದೇಶದ ಒಂದು ವೃತ್ತಾಂತವು ತಕ್ಕ ದೃಷ್ಟಾಂತವು. ಅಲ್ಲಿ ಹೆಂಗಸರು ಬೀದಿಯಲ್ಲಿ ಸಿಗರೇಟು ಸೇದುವುದು ಮರ್ಯಾದೆಗೆ ಕುಂದೆಂದು ಎಣಿಸಲ್ಪಡುತ್ತಿದ್ದ ಕಾಲದಲ್ಲಿ ಅಮೇರಿಕನ್ ಟೊಬ್ಯಾಕೋ ಕಂಪೆನಿಯು ಎಡ್ವರ್ಡ್ ಬರ್ನೇಸ್ ಎಂಬವನನ್ನು ಹಣಕೊಟ್ಟು ನೇಮಿಸಿಕೊಂಡಿತು. 1929ರ ಈಸ್ಟರ್ ಭಾನುವಾರ ನ್ಯೂಯಾರ್ಕಿನ ಫಿಫ್ತ್ ಅವೆನ್ಯೂ ಬೀದಿಯ ಮೆರವಣಿಗೆಯಲ್ಲಿ ಕೆಲವು ತರುಣಿಯರು ಸಿಗರೇಟು ಹೊತ್ತಿಸಿದರು. ಆ ಸಿಗರೇಟುಗಳಿಗೆ ‘ಸ್ವಾತಂತ್ರ್ಯದ ಪಂಜುಗಳು’ ಎಂಬ ಹೆಸರು. ಪತ್ರಿಕೆಗಳು ಇದನ್ನು ಸ್ತ್ರೀಯರ ಸ್ವಾತಂತ್ರ್ಯದ ಸುದ್ದಿಯೆಂದು ಅಚ್ಚಿಸಿದವು. ಹಣವಿತ್ತ ಕಂಪೆನಿಯು ತೆರೆಯ ಹಿಂದೆಯೇ ಉಳಿಯಿತು. ದೇಶದ ಸಂವಿಧಾನವು ಸ್ತ್ರೀಯರ ಮತದ ಹಕ್ಕನ್ನು ಅಂಗೀಕರಿಸಿ ಆಗ ಒಂಬತ್ತೇ ವರ್ಷಗಳಾಗಿದ್ದವು. ಅಂಥ ಶ್ರೇಷ್ಠವಾದ ಆಶೆಯನ್ನೇ ವ್ಯಾಪಾರಿಯು ಎರವಲು ಪಡೆದು, ದೇಹಕ್ಕೆ ಕೇಡಾದ ಹೊಗೆಯನ್ನು ಮಾರಿದನು.

ನಮ್ಮ ದೇಶವೂ ಇದಕ್ಕೆ ಹೊರತಲ್ಲ. 2009ರ ಲೋಕಸಭಾ ಚುನಾವಣೆಯಲ್ಲಿ ಅಭ್ಯರ್ಥಿಗಳಿಂದ ಹಣ ಪಡೆದು, ಅವರ ಹೊಗಳಿಕೆಯನ್ನು ಸುದ್ದಿಯೆಂದು ಅಚ್ಚಿಸಿದ ಪತ್ರಿಕೆಗಳ ವಿಷಯವಾಗಿ ದೂರುಗಳೆದ್ದವು. ಭಾರತೀಯ ಪತ್ರಿಕಾ ಮಂಡಲಿಯು ವಿಚಾರಿಸಿ 2010ರಲ್ಲಿ ವರದಿಯನ್ನು ಸಿದ್ಧಪಡಿಸಿತು. ಹಣದ ಸಂಬಂಧವಿಲ್ಲದೆಯೂ ಪಕ್ಷಪಾತವುಂಟು. ಒಂದೇ ಕೂಟವನ್ನು ಒಬ್ಬನು ‘ಸಭೆ’ಯೆಂದೂ ಮತ್ತೊಬ್ಬನು ‘ದೊಂಬಿ’ಯೆಂದೂ ಬರೆದರೆ, ವಾಚಕರು ಸಂಗತಿಯನ್ನು ತಿಳಿಯುವ ಮೊದಲೇ ತೀರ್ಪು ಕೊಟ್ಟಿರುತ್ತಾರೆ.

ಮಾರುವವನ ಹೆಸರು ಬಹಿರಂಗವಾಗಿದ್ದರೂ ಇನ್ನೊಂದು ಮರೆಯುಂಟು. ಅದು ಹೇಳದೆ ಬಿಟ್ಟ ಮಾತು. 1975ರಲ್ಲಿ ನಮ್ಮ ದೇಶದಲ್ಲಿ ‘ಫೇರ್ ಅಂಡ್ ಲವ್ಲಿ’ ಎಂಬ ಕ್ರೀಮು ಮಾರಾಟಕ್ಕೆ ಬಂದಿತು. ಮೈಬಣ್ಣವು ತಿಳಿಯಾದ ಮೇಲೆ ಹುಡುಗಿಗೆ ವರನೂ ಉದ್ಯೋಗವೂ ದೊರೆಯುವಂತೆ ಅದರ ಜಾಹೀರಾತುಗಳು ಚಿತ್ರಿಸಿದವು. ಕಪ್ಪು ಬಣ್ಣವು ಕೊರತೆಯೆಂದು ಬಾಯಿಬಿಟ್ಟು ಹೇಳುವ ಅಗತ್ಯವೇ ಬೀಳಲಿಲ್ಲ. ನೋಡುವವಳೇ ಅದನ್ನು ತನ್ನೊಳಗೆ ಹೇಳಿಕೊಂಡಳು. ಕಪ್ಪು ಬಣ್ಣದವರನ್ನು ಕೀಳಾಗಿ ತೋರಿಸಬಾರದೆಂದು ಭಾರತೀಯ ಜಾಹೀರಾತು ಮಾನಕ ಮಂಡಲಿಯು 2014ರಲ್ಲಿ ನಿಯಮ ಮಾಡಿತು. 2020ರಲ್ಲಿ ಆ ಕ್ರೀಮಿನ ಹೆಸರು ‘ಗ್ಲೋ ಅಂಡ್ ಲವ್ಲಿ’ ಎಂದು ಬದಲಾಯಿತು. ಹೆಸರನ್ನು ಒಂದು ದಿನದಲ್ಲಿ ಬದಲಿಸಬಹುದು. ಹುಡುಗಿಯರ ಮನಸ್ಸಿನಲ್ಲಿ ಬೇರೂರಿದ ಕೀಳರಿಮೆಯನ್ನು ಕೀಳುವುದು ಸುಲಭವಲ್ಲ.

ಈಗ ಕೈಯಲ್ಲಿರುವ ಫೋನಿನಲ್ಲಿ ಗೆಳತಿಯಂತೆ ಮಾತಾಡಿ ಸರಕನ್ನು ಹೊಗಳುವವರು ಅನೇಕರು. ಹಣ ಪಡೆದು ಹೊಗಳಿದರೆ ಅದು ಜಾಹೀರಾತೆಂದು ಸ್ಪಷ್ಟವಾಗಿ ತೋರಿಸಬೇಕೆಂದು ಅದೇ ಮಂಡಲಿಯು 2021ರಲ್ಲಿ ವಿಧಿಸಿತು. ಆದರೆ ನಿಯಮವು ನಮ್ಮ ಪರವಾಗಿ ಯೋಚಿಸಲಾರದು. ಆದುದರಿಂದ, ಪ್ರಿಯ ಸಹೋದರಿಯರೇ, ಯಾವ ಮಾತನ್ನು ನಂಬುವ ಮೊದಲೂ ನಾಲ್ಕು ಪ್ರಶ್ನೆಗಳನ್ನು ಕೇಳೋಣ: ಇದನ್ನು ಆಡಿಸುವವರು ಯಾರು? ಹಣವು ಯಾರದು? ನಾನು ನಂಬಿದರೆ ಲಾಭವು ಯಾರಿಗೆ? ಹೇಳದೆ ಬಿಟ್ಟುದೇನು?

ಇದು ಅವಿಶ್ವಾಸವಲ್ಲ. ಬೆರೋಯದವರು ಪೌಲನ ಬೋಧನೆಯನ್ನು ಸಿದ್ಧಮನಸ್ಸಿನಿಂದ ಕೇಳಿದರು. ಆದರೂ ಅದು ನಿಜವೋ ಎಂದು ದಿನದಿನವೂ ಶಾಸ್ತ್ರಗ್ರಂಥಗಳಲ್ಲಿ ಶೋಧಿಸಿದರು. ಅಪೊಸ್ತಲರ ಕೃತ್ಯಗಳ ಪುಸ್ತಕವು ಇದಕ್ಕಾಗಿ ಅವರನ್ನು ನಿಂದಿಸದೆ ಹೊಗಳಿದೆ. ಅಪೊಸ್ತಲನ ಮಾತೇ ಪರೀಕ್ಷೆಗೆ ಯೋಗ್ಯವಾದರೆ ವ್ಯಾಪಾರಿಯ ಮಾತಿಗೆ ಅದರಿಂದ ವಿನಾಯಿತಿಯುಂಟೇ?