ಹುಲ್ಲುಗಾವಲಿಗೆ ನೇರಳೆ ಪ್ರೇರಿ ಕ್ಲೋವರ್

ಉತ್ತರ ಅಮೆರಿಕದ ನಡುಭಾಗದ ವಿಶಾಲ ಹುಲ್ಲುಗಾವಲುಗಳಿಗೆ ಪ್ರೇರಿ ಎಂದು ಹೆಸರು. ನೇರಳೆ ಪ್ರೇರಿ ಕ್ಲೋವರ್ (ಡೇಲಿಯ ಪರ್ಪ್ಯೂರಿಯ) ಅಲ್ಲಿಯದೇ ಆದ ಬಹುವಾರ್ಷಿಕ ದ್ವಿದಳ ಸಸ್ಯ. ಇದರ ಬೇರುಗಂಟುಗಳಲ್ಲಿರುವ ರೈಜೋಬಿಯಂ ಅಣುಜೀವಿಗಳು ಗಾಳಿಯ ಸಾರಜನಕವನ್ನು ಸ್ಥಿರೀಕರಿಸುತ್ತವೆ. ಮೇವು ಪೌಷ್ಟಿಕ, ಹೊಟ್ಟೆಉಬ್ಬರ ತರುವುದಿಲ್ಲ. ದನಗಳು ಇಷ್ಟಪಟ್ಟು ತಿನ್ನುವುದರಿಂದ, ಮಿತಿಮೀರಿ ಮೇಯಿಸಿದ ಕಡೆ ಬೇಗನೆ ಕಣ್ಮರೆಯಾಗುತ್ತದೆ. ಅಂತಹ ಭೂಮಿಯಲ್ಲಿ ಇದನ್ನು ಮತ್ತೆ ಬೆಳೆಸುವ ಕ್ರಮ ಹೀಗಿದೆ.

ಬೀಜೋಪಚಾರ: ಬೀಜದ ಹೊರಸಿಪ್ಪೆ ಗಟ್ಟಿ. ಮರಳುಕಾಗದದಿಂದ ಹಗುರವಾಗಿ ಉಜ್ಜಿ, ಈ ಸಸ್ಯಕ್ಕೆ ಹೊಂದುವ ರೈಜೋಬಿಯಂ ಅನ್ನೇ ಲೇಪಿಸಬೇಕು. ನಮ್ಮಲ್ಲಿಯೂ ಸೋಯಾ ಅವರೆಯ ಅಣುಜೀವಿ ಗೊಬ್ಬರ ಕಡಲೆಗೆ ಒದಗುವುದಿಲ್ಲವಷ್ಟೆ.

ಬಿತ್ತನೆ: ನೀರು ಬಸಿಯುವ, ಪೂರ್ಣ ಬಿಸಿಲಿನ ಜಾಗ ಆರಿಸಬೇಕು. ಕಳೆ ತೆಗೆದು, ಮಣ್ಣನ್ನು ಹದವಾಗಿ ಅದುಮಿ, ವಸಂತಕಾಲದಲ್ಲಿ 1 ಸೆಂ.ಮೀ. ಮೀರದ ಆಳಕ್ಕೆ ಬಿತ್ತಬೇಕು. ಬೀಜ ಬಹಳ ಸಣ್ಣದು. ಆಳಕ್ಕೆ ಬಿದ್ದರೆ ಮೊಳಕೆ ಮೇಲೆ ಬಾರದು.

ಆರೈಕೆ: ಸಾರಜನಕ ಗೊಬ್ಬರ ಕೊಡಬಾರದು. ಕೊಟ್ಟರೆ ಕಳೆ ಕೊಬ್ಬುತ್ತದೆ, ಬೇರುಗಂಟುಗಳ ಕೆಲಸವೂ ಕುಂಠಿತವಾಗುತ್ತದೆ. ಮೊದಲ ವರ್ಷ ಗಿಡ ಮೇಲೆ ಹೆಚ್ಚು ಬೆಳೆಯುವುದಿಲ್ಲ. ಬಿತ್ತನೆ ಕೆಟ್ಟಿತೆಂದು ಉತ್ತುಬಿಡಬಾರದು. ಆಗ ತಾಯಿಬೇರು ಇಳಿಯುತ್ತಿರುತ್ತದೆ. ಬಲಿತ ಗಿಡದ ಬೇರು ಸುಮಾರು 2 ಮೀಟರ್ ಆಳಕ್ಕೆ ಹೋಗುವುದರಿಂದಲೇ ಇದು ಬರ ತಡೆಯುತ್ತದೆ. ಕಳೆಗಳನ್ನು ಸಸಿಗಳ ತುದಿಗೆ ತಾಗದಷ್ಟು ಎತ್ತರದಲ್ಲಿ ಕತ್ತರಿಸಿದರೆ ಸಾಕು. ಸಾಮಾನ್ಯವಾಗಿ ಎರಡನೆಯ ಅಥವಾ ಮೂರನೆಯ ಬೇಸಿಗೆಯಲ್ಲಿ ತೆನೆಯ ಬುಡದಿಂದ ತುದಿಯ ಕಡೆಗೆ ಹೂ ಅರಳುತ್ತದೆ.

ಮೇಯಿಸುವಿಕೆ: ಗಿಡ ನೆಲೆಯೂರುವ ತನಕ ದನ ಬಿಡಬಾರದು. ಅನಂತರವೂ ಸರದಿಯಂತೆ ಬಿಡುವು ಕೊಟ್ಟು, ಬೀಜ ಕಟ್ಟಲು ಅವಕಾಶ ಮಾಡಬೇಕು. ನಮ್ಮ ಗೋಮಾಳಗಳ ದ್ವಿದಳ ಮೇವಿಗೂ ಈ ಬಿಡುವೇ ಆಧಾರ.