ಕೊರೆತದ ಆಳವನ್ನು ಗೊತ್ತುಮಾಡುವ ಬಗೆ

ಮರದ ಮೇಲೆ ಅಕ್ಷರಗಳನ್ನು ಕೊರೆಯುವ ಕೆಲಸವು ಹಿಂದೆ ಆಚಾರಿಯ ಉಳಿಗೂ ಕೊಡತಿಗೂ ಸೇರಿದ್ದಿತು. ಎಷ್ಟು ಆಳಕ್ಕೆ ಇಳಿಯಬೇಕೆಂಬುದನ್ನು ಆತನ ಕೈಯೇ ಬಲ್ಲುದು. 1952ರಲ್ಲಿ ಅಮೆರಿಕದ ಎಂ.ಐ.ಟಿ. ವಿದ್ಯಾಸಂಸ್ಥೆಯವರು ಅಂಕೆಗಳ ಅಪ್ಪಣೆಯಂತೆ ಲೋಹವನ್ನು ಕೊರೆಯುವ ಯಂತ್ರವೊಂದನ್ನು ಜನರಿಗೆ ತೋರಿಸಿದರು. ಆ ವಿದ್ಯೆಯೇ ಬೆಳೆದು ಇಂದು ಬಡಗಿಯ ಅಂಗಡಿಗೂ ಬಂದಿದೆ. ಕಂಪ್ಯೂಟರಿನ ಸಾಫ್ಟ್‌ವೇರಿನಲ್ಲಿ ಚಿತ್ರವನ್ನು ಬರೆದು, ಆಳವನ್ನು ಅಂಕೆಯಲ್ಲಿ ತುಂಬಿದರೆ, ರೌಟರ್ ಯಂತ್ರವು ಅದರಂತೆ ಕೊರೆಯುವುದು. ಆದರೆ ಮರದ ಗುಣವು ಯಂತ್ರಕ್ಕೆ ತಿಳಿಯದು. ನಾವು ತುಂಬಿದ ಅಂಕೆಯೊಂದೇ ಅದಕ್ಕೆ ಗೊತ್ತು.

ಆಳವೆಂದರೆ ಎಲ್ಲಿಂದ ಆಳ? ಮೊದಲು ಕೇಳತಕ್ಕ ಪ್ರಶ್ನೆಯು ಇದೇ. ಮೇಲಕ್ಕೂ ಕೆಳಕ್ಕೂ ಹೋಗುವ ದಾರಿಗೆ ಜೆಡ್ ಅಕ್ಷವೆಂದು ಹೆಸರು. ಅದರ ಸೊನ್ನೆಯನ್ನು ಹಲಗೆಯ ಮೇಲ್ಮೈಯಲ್ಲಿಯಾದರೂ ಇಡಬಹುದು, ಯಂತ್ರದ ಮೇಜಿನ ಮೇಲಾದರೂ ಇಡಬಹುದು. 20 ಮಿ.ಮೀ. ದಪ್ಪದ ಹಲಗೆಯಲ್ಲಿ 4 ಮಿ.ಮೀ. ಆಳದ ಅಕ್ಷರದ ತಳವು ಮೊದಲನೆಯ ಲೆಕ್ಕದಲ್ಲಿ ಋಣ 4; ಎರಡನೆಯದರಲ್ಲಿ ಧನ 16. ಎರಡೂ ಸರಿಯೇ. ಆದರೆ ಕಂಪ್ಯೂಟರಿನಲ್ಲಿ ಆರಿಸಿದ ಸೊನ್ನೆಯನ್ನೇ ಯಂತ್ರದಲ್ಲಿಯೂ ಹಿಡಿಯಬೇಕು.

ಇದನ್ನು ನಾವು ನಷ್ಟಪಟ್ಟು ಕಲಿತೆವು. ಶಾಲೆಯ ವಾಚನಾಲಯಕ್ಕೆ ಹೆಸರಿನ ಹಲಗೆಯೊಂದನ್ನು ಮಾಡಿಕೊಡೋಣವೆಂದು ಹಳೆಯ ವಿದ್ಯಾರ್ಥಿನಿಯರಾದ ನಾವು ಕೆಲವರು ಹೊರಟೆವು. ಮುರಿದ ಬೆಂಚೊಂದರ ಹಲಸಿನ ಹಲಗೆಯನ್ನು ಅದಕ್ಕಾಗಿ ಬೇಡಿ ತಂದೆವು. ನಮ್ಮಲ್ಲಿ ಇಬ್ಬರು ಅದೇ ಬೆಂಚಿನ ಮೇಲೆ ಕುಳಿತು ಓದಿದವರು. ಕಂಪ್ಯೂಟರಿನಲ್ಲಿ ಸೊನ್ನೆಯು ಹಲಗೆಯ ಮೇಲ್ಮೈಯಲ್ಲಿದ್ದಿತು. ಯಂತ್ರದ ಬಳಿಯಲ್ಲಿಯಾದರೋ, ಹಿಂದಿನ ಕೆಲಸದ ರೂಢಿಯಿಂದ, ಬಿಟ್ ಎಂದು ಬಡಗಿಗಳು ಕರೆಯುವ ಅಲಗಿನ ತುದಿಯನ್ನು ಮೇಜಿಗೆ ತಾಗಿಸಿ ಸೊನ್ನೆ ಹಿಡಿದೆವು. ಒಂದು ಅಕ್ಷರದಿಂದ ಇನ್ನೊಂದಕ್ಕೆ ಸಾಗುವಾಗ ಅಲಗು ಮರಕ್ಕೆ ತಗಲದಂತೆ 5 ಮಿ.ಮೀ. ಎತ್ತರದಲ್ಲಿರಬೇಕೆಂದು ಬರೆದಿದ್ದೆವು. ಸೊನ್ನೆಯು ಕೆಳಗಿಳಿದುದರಿಂದ ಆ ಎತ್ತರವು ಮರದೊಳಗೆ 15 ಮಿ.ಮೀ. ಕೆಳಗೆ ಬಿದ್ದಿತು. ಯಂತ್ರವು ಸಂದೇಹಪಡಲಿಲ್ಲ, ಅತಿ ವೇಗದಿಂದ ಹಲಗೆಯನ್ನು ಸೀಳಿಕೊಂಡು ಹೋಯಿತು, ಅಲಗು ಮುರಿಯಿತು. ಮುಚ್ಚಳವು ಹಾಕಿದ್ದುದರಿಂದ ಯಾರಿಗೂ ಪೆಟ್ಟಾಗಲಿಲ್ಲ. ಅಂದಿನಿಂದ ನಾವು ಸೊನ್ನೆಯನ್ನು ಬೇಕೆಂದೇ 25 ಮಿ.ಮೀ. ಮೇಲಕ್ಕೆ ಎತ್ತಿ, ಒಮ್ಮೆ ಗಾಳಿಯಲ್ಲಿಯೇ ಓಡಿಸಿ ನೋಡಿದ ಹೊರತು ಮರವನ್ನು ಮುಟ್ಟಿಸುವುದಿಲ್ಲ.

ಎರಡನೆಯದು, ಒಂದೊಂದು ಸಲಕ್ಕೆ ಇಳಿಯುವ ಆಳ. ತೆಂಗಿನಕಾಯನ್ನು ತುರಿಯುವಾಗ ಒಂದೇ ಕಡೆ ಬಲವಾಗಿ ಒತ್ತಿದರೆ ತುರಿಯು ದಪ್ಪವಾಗಿ, ಚಿಪ್ಪಿನ ಕಂದೂ ಬೆರೆಯುವುದನ್ನು ತಾಯಂದಿರು ಬಲ್ಲರು. ಅಲಗಿಗೂ ಹಾಗೆಯೇ. 6 ಮಿ.ಮೀ. ಅಗಲದ ಅಲಗಿಗೆ ಹಲಸಿನಲ್ಲಿ ಸಲಕ್ಕೆ 3 ಮಿ.ಮೀ. ಆಳವನ್ನು ನಾವು ಕೊಡುತ್ತೇವೆ. ಹೆಚ್ಚಾದರೆ ಅಲಗು ಬಾಗುವುದು, ಮರವು ಸುಟ್ಟು ಕರಿಯಾಗುವುದು. ಹಲಗೆಯ ಅಂಚನ್ನು ಪೂರ್ತಿಯಾಗಿ ಕತ್ತರಿಸುವಾಗ 20ಕ್ಕೆ ಬದಲಾಗಿ 20.2 ಎಂದು ಬರೆದು, ಅಡಿಯಲ್ಲಿ ಹಾಳಾದರೂ ಚಿಂತೆಯಿಲ್ಲದ ಹಲಗೆಯೊಂದನ್ನು ಹಾಸಬೇಕು. ಸಲಕ್ಕೆ 3ರಂತೆ ಆರು ಸಲವಾದ ಮೇಲೂ 2.2 ಉಳಿಯುವುದರಿಂದ ಏಳು ಸಲ ಬೇಕು. ಸಮವಾಗಿ ಹಂಚುವಂತೆ ಸಾಫ್ಟ್‌ವೇರಿಗೆ ಹೇಳಿದರೆ ಒಂದೊಂದಕ್ಕೆ ಸುಮಾರು 2.9 ಬರುವುದು.

ಹಳೆಯ ಹಲಗೆಯ ದಪ್ಪವು ಎಲ್ಲೆಡೆ ಒಂದೇ ಆಗಿರುವುದು ಅಪರೂಪ. ಆದುದರಿಂದ ನಾಲ್ಕು ಮೂಲೆಗಳನ್ನೂ ವರ್ನಿಯರ್ ಅಳತೆಗೋಲಿನಿಂದ ಅಳೆಯತಕ್ಕದ್ದು. ಅಕ್ಷರಕ್ಕೆ ಮೇಲ್ಮೈಯ ಸೊನ್ನೆಯೂ, ಅಂಚನ್ನು ಕತ್ತರಿಸಲು ಮೇಜಿನ ಸೊನ್ನೆಯೂ ಒಳ್ಳೆಯವೆಂಬುದು ನಮ್ಮ ಅಭಿಪ್ರಾಯ.

ಅಕ್ಷರಗಳ ವಿಷಯದಲ್ಲಿ ಸೊಗಸಾದ ಸಂಗತಿಯೊಂದುಂಟು. ಅವುಗಳಿಗೆ ಚೂಪು ತುದಿಯ ಅಲಗನ್ನು ಬಳಸಿದರೆ ಆಳವು ಗೆರೆಯ ಅಗಲದಿಂದಲೇ ಹುಟ್ಟುವುದು. ತುದಿಯ ಕೋನವು 90 ಅಂಶವಾದರೆ 8 ಮಿ.ಮೀ. ಅಗಲದ ಗೆರೆಗೆ 4 ಮಿ.ಮೀ. ಆಳ, 60 ಅಂಶವಾದರೆ ಸುಮಾರು 6.9. ಕನ್ನಡದ ಅಕ್ಷರವು ದುಂಡಾಗಿ ತಿರುಗುವಲ್ಲಿ ಗೆರೆಯು ದಪ್ಪವಾದಂತೆ ಅಲಗು ಇಳಿಯುತ್ತ, ತೆಳುವಾದಂತೆ ಏರುತ್ತ ಹೋಗುವುದನ್ನು ಎಷ್ಟು ನೋಡಿದರೂ ನಮಗೆ ಸಾಲದು. ಯಾವ ಕೋನದ ಅಲಗನ್ನು ಸಿಕ್ಕಿಸಿದ್ದೇವೆಂಬುದನ್ನು ಮಾತ್ರ ಸಾಫ್ಟ್‌ವೇರಿಗೆ ಸರಿಯಾಗಿ ತಿಳಿಸಬೇಕು.

ವಾಚನಾಲಯದ ಬಾಗಿಲ ಮೇಲೆ ಈಗಿರುವುದು ಅದೇ ಬೆಂಚಿನ ಎರಡನೆಯ ಹಲಗೆ. ಸೀಳಿದ ಮೊದಲನೆಯದನ್ನು ನಾವು ಎಸೆಯಲಿಲ್ಲ. ಯಂತ್ರದ ಕೆಲಸವನ್ನು ಕಲಿಯಬಂದ ಹುಡುಗಿಯರು ಅದರ ಹಿಂಬದಿಯಲ್ಲಿ ಆಳವನ್ನು ಅಭ್ಯಾಸಮಾಡುತ್ತಾರೆ.